ಬೋರ್ಡು ಬಿಳಿ, ಕಬಾಬು ಕೆಂಪು

ನಮ್ಮ ಬೀದಿ ಕೊನೆಯಲ್ಲಿ ಸಂಜೆ ಆರಕ್ಕೆ ನಿಲ್ಲುವ ಕಬಾಬ್ ಗಾಡಿಗೆ ಹೊಸ ಬೋರ್ಡು ಬಂದಿದೆ. ‘ಇಲ್ಲಿ ಕೃತಕ ಬಣ್ಣ ಬಳಸುವುದಿಲ್ಲ.’ ಬಿಳಿ ಹಿನ್ನೆಲೆ, ಹಸಿರು ಅಕ್ಷರ, ಪಕ್ಕದಲ್ಲೊಂದು ಎಲೆಯ ಚಿತ್ರ. ಅದರ ಕೆಳಗೇ ಸ್ಟೀಲ್ ಬೇಸಿನ್ನಿನಲ್ಲಿ ಮಸಾಲೆ ಕಲಸಿಟ್ಟ ಕೋಳಿ ತುಂಡುಗಳು ಸಿಲ್ಕ್ ಬೋರ್ಡ್ ಸಿಗ್ನಲ್‌ಗಿಂತ ಕೆಂಪಗಿವೆ. ಏನಣ್ಣಾ ಇದು ಅಂದೆ. ‘ಬ್ಯಾಡಗಿ ಮೆಣಸಿನಕಾಯಿ ಸಾರ್, ಪ್ಯೂರ್’ ಅಂದ. ಅವನ ಬಲಗೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕಿತ್ತಳೆ ಬಣ್ಣ. ಬ್ಯಾಡಗಿ ಮೆಣಸಿನಕಾಯಿ ನಮ್ಮಮ್ಮನೂ ಅರೆಯುತ್ತಾರೆ, ಎರಡು ಸಲ ಸೋಪು ಹಾಕಿದರೆ ಕೈ ಮೊದಲಿನ ಹಾಗಾಗುತ್ತೆ. ಈ ಮನುಷ್ಯನ ಕೈ ಮೂರು ವರ್ಷದಿಂದ ಹಾಗೇ ಇದೆ. ಮದುಮಗಳ ಗೋರಂಟಿಯಾದರೂ ಎರಡು ವಾರಕ್ಕೆ ಮಾಸುತ್ತೆ.

ಸರ್ಕಾರವನ್ನು ದೂರುವ ಹಾಗೇ ಇಲ್ಲ. ಅದು ತನ್ನ ಕೆಲಸ ಮಾಡಿದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಸ್ಯಾಂಪಲ್ ಪರೀಕ್ಷೆ ಮಾಡಿಸಿ 107 ಅಸುರಕ್ಷಿತ ಅಂತ ಹೇಳಿತು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು, 39ರಲ್ಲಿ 8 ಫೇಲ್. ಸಿಕ್ಕಿಬಿದ್ದ ಬಣ್ಣಗಳ ಹೆಸರು ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್. ಮೊದಲನೆಯದು ಚಿಕ್ಕಪೇಟೆ ಸೀರೆ ಅಂಗಡಿಯಲ್ಲಿ ಕೇಳಿದ ಹಾಗಿದೆ, ಎರಡನೆಯದು ಅಜ್ಜಿಗೆ ಬರೆದುಕೊಡುವ ಗ್ಯಾಸ್ ಮಾತ್ರೆ ಇದ್ದ ಹಾಗಿದೆ. ಇದೇ ಸನ್‌ಸೆಟ್ ಯೆಲ್ಲೋವನ್ನು ಮಿಠಾಯಿಗೆ ಮಿತಿಯೊಳಗೆ ಹಾಕಬಹುದು, ಕೋಳಿಗೆ ಹಾಕೋ ಹಾಗಿಲ್ಲ. ಹಾಕಿದರೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷದವರೆಗೆ ದಂಡ.

ಎಂಥಾ ಕಾನೂನು ನೋಡಿ! ಪರಪ್ಪನ ಅಗ್ರಹಾರದಲ್ಲಿ ಇಬ್ಬರು ಗೋಡೆಗೆ ಒರಗಿ ಕೂತಿರುತ್ತಾರೆ. ‘ನೀನ್ ಯಾಕ್ ಬಂದೆ?’ ‘ಜಮೀನಿನ ಗಲಾಟೆ, ಚಿಕ್ಕಪ್ಪನ್ನ ಕಡಿದುಬಿಟ್ಟೆ. ನೀನು?’ ‘ಲೆಗ್ ಪೀಸ್ ಸ್ವಲ್ಪ ಜಾಸ್ತಿ ಕೆಂಪಾಯ್ತು ಗುರೂ.’ ಇಷ್ಟು ಭಾರದ ಕಾನೂನನ್ನು ಎತ್ತಿ ಒಂದು ತಳ್ಳುಗಾಡಿ ಮೇಲೆ ಹಾಕೋಕೆ ಯಾವ ಅಧಿಕಾರಿಗೆ ಮನಸ್ಸು ಬರುತ್ತೆ ಹೇಳಿ. ಅದಕ್ಕೇ ಬೋರ್ಡು. ಬೋರ್ಡು ಹಗುರ.

ಅಂದ ಹಾಗೆ, ನಮ್ಮ ಕಬಾಬು ಕಬಾಬೇ ಅಲ್ಲ. ಈ ವಿಷಯ ದೆಹಲಿ, ಲಕ್ನೋದವರ ಮುಂದೆ ಜೋರಾಗಿ ಹೇಳಬೇಡಿ. ಅವರ ಪ್ರಕಾರ ಕಬಾಬು ಅಂದರೆ ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟಿದ್ದು, ಇಲ್ಲವೇ ತವಾ ಮೇಲೆ ಬೇಯಿಸಿದ್ದು. ನಾವು ಮೊಟ್ಟೆ, ಕಾರ್ನ್‌ಫ್ಲೋರ್ ಹಾಕಿ ಕಲಸಿ, ಬಾಂಡ್ಲಿ ಎಣ್ಣೆಯಲ್ಲಿ ಬಜ್ಜಿ ಹಾಗೆ ಕರಿದು, ಈರುಳ್ಳಿ ನಿಂಬೆಹೋಳು ಇಟ್ಟು ಕಬಾಬ್ ಅಂತ ಕೊಡ್ತೀವಿ. ಕೆಂಡ ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿಲ್ಲ. ಆದರೂ ನನಗೆ ಅದು ಇಷ್ಟ, ಸುಳ್ಳು ಯಾಕೆ ಹೇಳಲಿ.

ಆದರೆ ಬೋರ್ಡು ನೋಡಿದ ಮೇಲೆ ಮನಸ್ಸು ಕೆಟ್ಟಿತು. ಕೆಂಡದಲ್ಲಿ ಸುಟ್ಟಿದ್ದೇ ತಿನ್ನೋಣ ಅಂತ ಫೋನಿನಲ್ಲಿ ‘ಹತ್ತಿರದ ಬಾರ್ಬೆಕ್ಯೂ’ ಹುಡುಕಿದೆ. 4.9 ಸ್ಟಾರ್ ಇರುವ ಒಂದು ಬಫೆ ಸಿಕ್ಕಿತು. ಸಾವಿರಾರು ಜನ ಹೊಗಳಿದ್ದಾರೆ. ಓದುತ್ತಾ ಹೋದರೆ ಅರ್ಧಕ್ಕರ್ಧ ಮಂದಿ ಸಪ್ಲೈಯರ್ ಹುಡುಗನ ಹೆಸರು ಹಾಕಿ ಥ್ಯಾಂಕ್ಸ್ ಹೇಳಿದ್ದಾರೆ, ಮಾಂಸದ ಸುದ್ದಿ ಎಲ್ಲೂ ಇಲ್ಲ. ಯಾಕೆ ಅಂತ ಬಿಲ್ ಬಂದಾಗ ಗೊತ್ತಾಯ್ತು. ಬಿಲ್ ಜೊತೆ ಅದೇ ಹುಡುಗ ಒಂದು ಕ್ಯೂಆರ್ ಕೋಡ್ ಹಿಡಿದು ನಿಂತಿದ್ದ. ‘ಐದು ಸ್ಟಾರ್ ಕೊಡಿ ಸರ್, ನನ್ನ ಹೆಸರು ಹಾಕಿ.’

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಕೂತ ತಕ್ಷಣ ಆ ಹುಡುಗ ‘ಅಮ್ಮಾ, ಸಿಗ್ಡಿ ಬರ್ತಾ ಇದೆ, ಕೈ ಹುಷಾರು’ ಅಂದ. ನಮ್ಮಮ್ಮನಿಗೆ ಸೀಗಡಿ ಅಂದರೆ ಪ್ರಾಣ. ಮುಖ ಅರಳಿಸಿ, ತಟ್ಟೆ ಹತ್ತಿರ ಎಳೆದುಕೊಂಡು ಕೂತರು. ಬಂದದ್ದು ಒಂದು ಕಬ್ಬಿಣದ ತೊಟ್ಟಿ ತುಂಬಾ ಕೆಂಡ, ಹಿಂದಿಯಲ್ಲಿ ಅದಕ್ಕೇ ಸಿಗ್ಡಿ ಅನ್ನೋದಂತೆ. ‘ಇದೇನೋ ಇದು, ಬಾಣಂತಿಗೆ ಕಾಯಿಸೋ ಅಗ್ಗಿಷ್ಟಿಕೆ?’ ಅಂತ ಕೇಳಿದರು. ಆ ಕೆಂಡದ ಮೇಲೆ ಆಗಲೇ ಒಳಗೆ ಬೇಯಿಸಿ ತಂದ ಪನೀರು, ಅನಾನಸು, ಕೋಳಿ ಎಲ್ಲಾ ಮತ್ತೊಂದು ಸಲ ಬೆಚ್ಚಗಾಗುತ್ತೆ, ಅಷ್ಟೇ. ಸಾಕಾದಾಗ ಮೇಜಿನ ಮೇಲಿರುವ ಬಾವುಟ ಇಳಿಸಬೇಕು. ಅನ್‌ಲಿಮಿಟೆಡ್ ಅಂತೆ, ಆದರೆ ಎರಡು ಗಂಟೆಯೊಳಗೆ ಏಳಬೇಕಂತೆ. ಪಕ್ಕದ ಮೇಜಿನವರು ಬೆಳಗ್ಗೆಯಿಂದ ಉಪವಾಸವಿದ್ದು ಬಂದಿದ್ದರು, ಏಕಾದಶಿಗೂ ಆ ಶ್ರದ್ಧೆ ಕಂಡಿಲ್ಲ. ಅಮ್ಮ ಎರಡು ತುಂಡು ಅನಾನಸು ತಿಂದು ತಾವೇ ಬಾವುಟ ಇಳಿಸಿದರು.

ಈ ಆ್ಯಪಿಗೆ ಗೊತ್ತಿಲ್ಲದ ಬೆಂಕಿ ನಮ್ಮಲ್ಲಿ ಎಷ್ಟಿದೆ ಗೊತ್ತಾ? ಭಾನುವಾರ ಮಟನ್ ಅಂಗಡಿ ಪಕ್ಕದಲ್ಲಿ ತಿದಿ ಒತ್ತುತ್ತಾ ಕೂತು, ಕುರಿಯ ತಲೆ ಕಾಲನ್ನು ಕೆಂಡದಲ್ಲಿ ಸುಟ್ಟು, ಕೂದಲು ಹೆರೆದು ಕೊಡುವವರಿದ್ದಾರೆ. ಆ ಸುಟ್ಟ ವಾಸನೆ ಇಲ್ಲದ ಕಾಲು ಸೂಪು ಬರೀ ಬಿಸಿನೀರು. ಶಿವಾಜಿನಗರದಲ್ಲಿ ಸಂಜೆ ಹೊಗೆ ನಡುವೆ ಬೀಸಣಿಗೆ ಬೀಸುತ್ತಾ ಸೀಖ್ ತಿರುಗಿಸುವವರಿದ್ದಾರೆ. ಕೊಡಗಿನ ಹಳೇ ಮನೆಗಳಲ್ಲಿ ಒಲೆ ಮೇಲೆ ನೇತುಹಾಕಿದ ಮಾಂಸ ಹೊಗೆ ಕುಡಿದು ಕುಡಿದು ಕಪ್ಪಾಗುತ್ತೆ. ಸಸ್ಯಾಹಾರಿಗಳು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದೇ ಎಲ್ಲಕ್ಕಿಂತ ಮೇಲು. ಚಳಿಗಾಲದಲ್ಲಿ ವಿಜಯಪುರದ ಕಡೆ ಹೊಲಕ್ಕೆ ಹೋಗಿ ನೋಡಿ. ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ ಉದುರಿಸಿ, ಬಿಸಿ ಸೀತನಿಯನ್ನು ಬೆಲ್ಲ, ಶೇಂಗಾ ಹಿಂಡಿ ಜೊತೆ ಕೈಗೆ ಹಾಕುತ್ತಾರೆ. ಬಾವುಟ ಗೀವುಟ ಏನೂ ಇಲ್ಲ. ಹೊಟ್ಟೆ ತುಂಬಿದರೆ ಬದುವಿನ ಮೇಲೆ ಮಲಗೋದು.

ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ ಇದನ್ನು ಕೇಳಿ ನಕ್ಕ. ‘ಇಲ್ಲಿ ದನದ ಎದೆ ಮಾಂಸವನ್ನ ಓಕ್ ಕಟ್ಟಿಗೆ ಹೊಗೇಲಿ ಹನ್ನೆರಡು ಗಂಟೆ ಇಡ್ತಾರೆ ಮಾಮ, ಮುಗಿದರೆ ಅಂಗಡಿ ಬಂದ್’ ಅಂದ. ನಾರ್ತ್ ಕೆರೊಲಿನಾದಲ್ಲಿ ಪೂರ್ವದವರು ಹಂದಿ ಮಾಂಸಕ್ಕೆ ವಿನೆಗರು, ಮೆಣಸು ಸಾಕು ಅಂತಾರೆ, ಪಶ್ಚಿಮದವರು ಅದಕ್ಕೇ ಒಂದಿಷ್ಟು ಟೊಮ್ಯಾಟೊ ಸೇರಿಸುತ್ತಾರೆ, ಅದೊಂದು ತಲೆತಲಾಂತರದ ಜಗಳವಂತೆ. ಸರ್ಕಾರ ಅಲ್ಲೂ ಸುಮ್ಮನೆ ಕೂತಿಲ್ಲ. ಟೆಕ್ಸಾಸ್‌ನ ಕೃಷಿ ಇಲಾಖೆ ಬಾರ್ಬೆಕ್ಯೂ ಅಂಗಡಿಗಳ ತಕ್ಕಡಿ ತಪಾಸಣೆಗೆ ಬೆನ್ನುಬಿದ್ದು, ಅವರನ್ನು ಅದರಿಂದ ಬಿಡಿಸಲು 2017ರಲ್ಲಿ ಶಾಸನಸಭೆ ಒಂದು ಕಾನೂನನ್ನೇ ಮಾಡಬೇಕಾಯಿತು. ಆದರೂ ತಕ್ಕಡಿ ವಾಸಿ. ತೂಕದ ಜಗಳದಲ್ಲಿ ಒಬ್ಬರ ಜೇಬಿಗೆ ಮಾತ್ರ ಪೆಟ್ಟು.

ಈ ಕಥೆಯಲ್ಲಿ ನನಗೆ ನಗು ಬರದ ಒಂದು ದಿನ ಇದೆ. 2024ರ ಮಾರ್ಚ್ 11. ಅವತ್ತು ಬೆಂಗಳೂರಿನಲ್ಲಿ ಆರೋಗ್ಯ ಸಚಿವರು ಗೋಬಿಯ ಸುಳ್ಳು ಕೆಂಪನ್ನು ನಿಷೇಧಿಸಿದರು. ಅವತ್ತೇ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ, ನಿಜವಾದ ಕೆಂಪು ಬೆಳೆದವರು ಮೆಣಸಿನಕಾಯಿ ಬೆಲೆ ಬಿದ್ದ ಸಿಟ್ಟಿಗೆ ಎಪಿಎಂಸಿ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿದರು. ಎರಡೂ ಸುದ್ದಿ ಮರುದಿನ ಪೇಪರಿನಲ್ಲಿ ಬಂದವು. ಎರಡೂ ಒಂದೇ ಬಣ್ಣದ ಸುದ್ದಿ ಅಂತ ಯಾರಿಗೂ ಅನ್ನಿಸಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಇದು ಈ ಊರಿನದೇ ಅಂತ ಹೇಳುವ ಜಿಐ ಟ್ಯಾಗ್ 2011ರಲ್ಲೇ ಸಿಕ್ಕಿದೆ. ಅದರ ಬಣ್ಣ ಹಿಂಡಿ ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತೆ. ಅಲ್ಲಿಯವರ ತುಟಿಗೆ ನಮ್ಮ ಮೆಣಸಿನಕಾಯಿ, ನಮ್ಮ ಮಕ್ಕಳ ಬಾಯಿಗೆ ಡಬ್ಬಿ ಬಣ್ಣ. ಬೆಳೆದವನಿಗೆ ಬೆಲೆ ಇಲ್ಲ, ಕರಿಯುವವನಿಗೆ ಕೊಳ್ಳೋಕೆ ಆಗಲ್ಲ, ತಿನ್ನುವವನಿಗೆ ಗೊತ್ತಾಗಲ್ಲ, ಹಿಡಿಯಬೇಕಾದವರು ವರ್ಷಕ್ಕೊಂದು ಸಲ ಸ್ಯಾಂಪಲ್ ಒಯ್ದು ಫೋಟೋ ಹಾಕಿಸಿಕೊಳ್ತಾರೆ. ಜೀವಾವಧಿ ಗೀವಾವಧಿ ಏನೂ ಬೇಡ ಸ್ವಾಮಿ, ತಿಂಗಳಿಗೊಮ್ಮೆ ಆ ಗಾಡಿ ಹತ್ತಿರ ಬಂದು ಬೇಸಿನ್ ಒಳಗೆ ಬಗ್ಗಿ ನೋಡಿ. ಅಷ್ಟೂ ಆಗಲ್ವಾ?

ನಿನ್ನೆ ಮತ್ತೆ ಗಾಡಿ ಹತ್ತಿರ ಹೋದೆ. ಇನ್ನೆಲ್ಲಿಗೆ ಹೋಗಲಿ. ಮೆಲ್ಲಗೆ ‘ಅಣ್ಣಾ, ನನಗೆ ಬಣ್ಣ ಹಾಕದೆ ಒಂದು ಪ್ಲೇಟ್ ಮಾಡಿಕೊಡ್ತೀಯಾ?’ ಅಂದೆ. ಅವನು ಆ ಕಡೆ ಈ ಕಡೆ ನೋಡಿ, ಗಾಡಿ ಕೆಳಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದ. ಒಳಗೆ ಬೆಳ್ಳಗೆ ನಾಲ್ಕು ತುಂಡು. ಬಾಂಡ್ಲಿಗೆ ಬಿಡುತ್ತಾ, ಆ ಎಲೆ ಚಿತ್ರದ ಬೋರ್ಡಿನ ಕೆಳಗೇ ನಿಂತು ಹೇಳಿದ: ‘ಇದು ಸ್ಪೆಷಲ್ ಸಾರ್. ಇಪ್ಪತ್ತು ರೂಪಾಯಿ ಜಾಸ್ತಿ ಆಗುತ್ತೆ.’