ಕಳ್ಳರಿಗೆ ಬೇಡವಾದ ಪಾಸ್‌ವರ್ಡ್

ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದ ಭದ್ರತಾ ಕ್ಯಾಮೆರಾಗಳ ಸರ್ವರ್‌ಗೆ 'ಲೂವ್ರ್' ಎಂಬುದೇ ಪಾಸ್‌ವರ್ಡ್ ಆಗಿತ್ತೆಂಬ ಸುದ್ದಿಗೆ ಲೋಕವೆಲ್ಲ ನಕ್ಕಿತು. ನನಗಾದರೋ ಅದರಲ್ಲಿ ಅಪಾರ ಸೌಜನ್ಯ ಕಂಡಿತು. ಮರೆತ ಸಿಬ್ಬಂದಿ ಯಾರನ್ನೂ ಕೇಳಬೇಕಾಗಿಲ್ಲ. ಹೊರಗೆ ಬಂದು ಫಲಕ ನೋಡಿದರೆ ಸಾಕು. ಇನ್ನೊಂದು ತಂತ್ರಾಂಶಕ್ಕೆ, ಅದನ್ನು ತಯಾರಿಸಿದ ಥಾಲೆಸ್ ಕಂಪನಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿದ್ದರಂತೆ. ಉಪಕಾರಸ್ಮರಣೆ ಎಂದರೆ ಹೀಗಿರಬೇಕು. ಫ್ರಾನ್ಸಿನ ಸೈಬರ್ ಭದ್ರತಾ ಸಂಸ್ಥೆ ಇದನ್ನೆಲ್ಲ ಪರಿಶೀಲಿಸಿ ಬರೆದುಕೊಟ್ಟದ್ದು 2014ರಲ್ಲಿ. ನಮ್ಮ ಕಿವಿಗೆ ಬಿದ್ದದ್ದು 2025ರಲ್ಲಿ, ಅಲ್ಲಿನ ಒಡವೆಗಳು ಕಳುವಾದ ಮೇಲೆ.

ಕಳ್ಳರ ಡಿಜಿಟಲ್ ಅನಕ್ಷರತೆಯಂತೂ ಮರುಕ ಹುಟ್ಟಿಸುತ್ತದೆ. ಅಕ್ಟೋಬರ್ 19ರ ಭಾನುವಾರ ಬೆಳಿಗ್ಗೆ, ಮನೆ ಸಾಮಾನು ಮೇಲೇರಿಸುವ ಏಣಿಯ ಲಾರಿಯನ್ನು ತಂದು ನಿಲ್ಲಿಸಿ, ಬಾಲ್ಕನಿ ಹತ್ತಿ, ಕಟಿಂಗ್ ಮಷಿನ್ನಿನಿಂದ ಗಾಜು ಕೊಯ್ದು, 8.8 ಕೋಟಿ ಯೂರೋ ಬೆಲೆಯ ಎಂಟು ಆಭರಣಗಳನ್ನು ಎಂಟು ನಿಮಿಷದೊಳಗೆ ಹೊತ್ತೊಯ್ದರು. ಅವಸರದಲ್ಲಿ ಯುಜೀನಿ ರಾಣಿಯ ಕಿರೀಟವನ್ನು ಕೆಳಗೆ ಬೀಳಿಸಿ ಹೋದರು. ಆ ಭಾಗದ ಹೊರಗೋಡೆಗಿದ್ದ ಒಂದೇ ಕ್ಯಾಮೆರಾ ಪಶ್ಚಿಮ ದಿಕ್ಕನ್ನು ನೋಡುತ್ತಿದ್ದುದರಿಂದ ಬಾಲ್ಕನಿ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೀಗಿರುವಾಗ ಪಾಸ್‌ವರ್ಡ್ ಕದಿಯುವ ಕಷ್ಟವನ್ನು ಯಾರು ತಾನೇ ಪಡುತ್ತಾರೆ?

ನಿಜವಾದ ಡಿಜಿಟಲ್ ಆತ್ಮವಿಶ್ವಾಸವನ್ನು ಕಾಣಬೇಕೆಂದರೆ ಲಂಡನ್ನಿಗೆ ಹೋಗಬೇಕು. ಬ್ರಿಟಿಷ್ ಮ್ಯೂಸಿಯಂ ತನ್ನ ಉಗ್ರಾಣದಿಂದ ಸುಮಾರು 2000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಅಥವಾ ಹಾಳಾಗಿವೆ ಎಂದು 2023ರಲ್ಲಿ ಒಪ್ಪಿಕೊಂಡಿತು. ಅವುಗಳಲ್ಲಿ ಕೆಲವು ಇ-ಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಬಂದಿದ್ದವು. ಎಷ್ಟೋ ಹರಳುಗಳಿಗೆ ಸಂಸ್ಥೆ ಒಂದು ದಾಖಲೆ ಸಂಖ್ಯೆಯನ್ನೂ ಕೊಟ್ಟಿರಲಿಲ್ಲ. ಕದ್ದವರು, ಯಾರೇ ಆಗಿರಲಿ, ಚಿತ್ರ ಹಾಕಿ, ವಿವರ ಬರೆದು, ಬೆಲೆ ನಮೂದಿಸಿ ಆ ಕೊರತೆಯನ್ನು ತುಂಬಿಕೊಟ್ಟಿದ್ದರು. ಇಂಥವರನ್ನು ಸಂಪನ್ಮೂಲ ವ್ಯಕ್ತಿಗಳೆಂದು ಕರೆಸಿ ಶಾಲು ಹೊದಿಸಬೇಕಿತ್ತು. ಪ್ರಾಚೀನ ವಸ್ತುಗಳ ವ್ಯಾಪಾರಿಯೊಬ್ಬರು 2021ರಲ್ಲೇ ಎಚ್ಚರಿಸಿ ಪತ್ರ ಬರೆದಾಗ ಎಲ್ಲವೂ ಸರಿಯಾಗಿದೆ ಎಂಬ ಉತ್ತರ ಹೋಯಿತು. ಎಲ್ಲ ಬಯಲಾಗಿ ನಿರ್ದೇಶಕರು ರಾಜೀನಾಮೆ ಕೊಟ್ಟ ಮೇಲೆ, ಐದು ವರ್ಷಗಳಲ್ಲಿ ಇಡೀ ಸಂಗ್ರಹವನ್ನು ಆನ್‌ಲೈನ್‌ಗೆ ತರುವ ಯೋಜನೆ ಪ್ರಕಟವಾಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಸಿಬ್ಬಂದಿಯ ಡಿಜಿಟಲ್ ಕೌಶಲ ಹೆಚ್ಚಿಸಬೇಕೆಂಬ ಕೂಗು ಏಳುತ್ತದೆ. ಈ ವಿದ್ಯೆಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ದೀಪ ಬೆಳಗಿಸಿ ಉದ್ಘಾಟನೆಯಾಗುತ್ತದೆ, ಡಿಜಿಟಲ್ ಕಾರ್ಯಾಗಾರದ ಹಾಜರಾತಿಗೆ ಗೆರೆ ಎಳೆದ ಪುಸ್ತಕದಲ್ಲಿ ಸಹಿ ಬೀಳುತ್ತದೆ, ಊಟದ ನಂತರ ಪ್ರಮಾಣಪತ್ರ ವಿತರಣೆಯೊಂದಿಗೆ ಗುಂಪು ಫೋಟೋ ಆಗುತ್ತದೆ. ಮರಳಿ ಬಂದ ಗುಮಾಸ್ತರಿಗೆ ಕಚೇರಿಯ ಏಕೈಕ ಕಂಪ್ಯೂಟರು ಸಾಹೇಬರ ಕೋಣೆಯಲ್ಲಿ ಬೀಗದೊಳಗೆ ದರ್ಶನ ಕೊಡುತ್ತದೆ; ಅದರ ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಅಂಚಿಗೆ ಅಂಟಿಕೊಂಡಿರುತ್ತದೆ. ಈ ಒಂದು ವಿಷಯದಲ್ಲಿ ಪ್ಯಾರಿಸು ನಮಗಿಂತ ಮುಂದಿದೆ, ಅಲ್ಲಿ ಚೀಟಿಯೂ ಬೇಕಿರಲಿಲ್ಲ.

ನಗು ಸಾಕು. ಬೇಸರವಾಗುವುದು ಇದಕ್ಕೆ: ಲೂವ್ರ್‌ನ ಕೆಲಸಗಾರರು 2025ರ ಜೂನ್ 16ರಂದು, ಜನ ವಿಪರೀತ, ನಾವು ಕಡಿಮೆ ಎಂದು ಕೆಲಸ ನಿಲ್ಲಿಸಿ ಬಾಗಿಲು ಮುಚ್ಚಿಸಿದ್ದರು. ಸಂಸ್ಥೆಯು ಕಣ್ಣಿಗೆ ಕಾಣುವ ಖರೀದಿ, ಅಲಂಕಾರಗಳಿಗೆ ಹಣ ಸುರಿದು ಭದ್ರತೆಯನ್ನು ಮುಂದೂಡುತ್ತ ಬಂದಿದೆ ಎಂದು ಅಲ್ಲಿನ ಲೆಕ್ಕಪರಿಶೋಧಕರೇ ಹೇಳಿದ್ದಾರೆ. ಸಿಬ್ಬಂದಿಗೂ ಗೊತ್ತಿತ್ತು, ಪರಿಶೋಧಕರಿಗೂ ಗೊತ್ತಿತ್ತು. ವರದಿ ಓದಿ ಬದಿಗಿಟ್ಟವರ ಕೌಶಲಕ್ಕೆ ಕೊರತೆಯಿರಲಿಲ್ಲ, ಮನಸ್ಸಿಗಿತ್ತು. ಆದರೆ ಕೀಬೋರ್ಡಿನ ಮುಂದೆ ಕೂತು ಪಾಠ ಕಲಿಯಬೇಕಾದವನು ಮಾತ್ರ ದಿನವಿಡೀ ನಿಂತೇ ಕಾಯುವ ಕಾವಲುಗಾರ.

ಆದ್ದರಿಂದ ಮುಂದಿನ ತರಬೇತಿಯಲ್ಲಿ ಮೊದಲ ಸಾಲಿನ ಕುರ್ಚಿಗಳನ್ನು ಆ ಕಡತವನ್ನು ಕಪಾಟಿಗೆ ಸೇರಿಸಿದ ಮಹನೀಯರಿಗೇ ಮೀಸಲಿಡಬೇಕು. ಹಾಜರಾತಿ ಬಯೋಮೆಟ್ರಿಕ್ ಆಗಿರಲಿ. ಉದ್ಘಾಟನೆ ಮುಗಿಸಿ ಎದ್ದು ಹೋಗುವ ಅಭ್ಯಾಸ ಅವರಿಗೂ ಇದ್ದೀತು.