‘ಸರಿಹೋಯಿತು, ಧನ್ಯವಾದ’

ಮೊನ್ನೆ ರಾತ್ರಿ ತಂದೆಯವರ ಹಳೆಯ ಲೇಖನವೊಂದನ್ನು ಯೂನಿಕೋಡ್‌ಗೆ (ಈಗಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರಸಂಕೇತಕ್ಕೆ) ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ತಮ್ಮ ತಮ್ಮ ಅಕ್ಷರಗಳನ್ನು ಬಿಟ್ಟು ಪಕ್ಕದ ಮನೆಯಲ್ಲಿ ಹೋಗಿ ಕುಳಿತವು. ‘ಧರ್ಮ ಕೆಟ್ಟುಹೋಗಿದೆ’ ಎಂದು ಮನೆಯವರ ಬಳಿ ಗೋಳಾಡಿದರೆ, ‘ಅದನ್ನು ಬೆಳಗ್ಗೆ ಉದ್ಧಾರ ಮಾಡುವಿರಂತೆ, ಈಗ ಮಲಗಿ’ ಎಂದರು. ಬೇರೆ ದಾರಿ ಕಾಣದೆ ಅಂತರ್ಜಾಲದ ಪ್ರಶ್ನೋತ್ತರ ತಾಣವೊಂದರ ಬಾಗಿಲು ತಟ್ಟಿದೆ.

‘ಉಭಯಕುಶಲೋಪರಿ ಸಾಂಪ್ರತ’ ಎಂದು ಬರೆಯದೆ ವಿಷಯಕ್ಕೆ ಬಂದರೆ ಕಾಗದವನ್ನೇ ಹರಿದು ಹಾಕುತ್ತಿದ್ದ ತಂದೆಯ ಮಗನಾದ ನಾನು, ಪ್ರಶ್ನೆಯ ತಲೆಯ ಮೇಲೆ ‘ಎಲ್ಲರಿಗೂ ನಮಸ್ಕಾರ’ ಎಂದು ಬರೆದಿದ್ದೆ. ಐದೇ ನಿಮಿಷದಲ್ಲಿ ಸ್ವಯಂಸೇವಕರೊಬ್ಬರು ಅದನ್ನು ಅಳಿಸಿ, ‘ಅನಗತ್ಯ ಶಿಷ್ಟಾಚಾರ ತೆಗೆದಿದೆ’ ಎಂದು ಷರಾ ಬರೆದರು. ನಾನು ಮತ್ತೆ ಸೇರಿಸಿದೆ. ಅವರು ಮತ್ತೆ ತೆಗೆದರು. ಕೊನೆಯ ಸಾಲಿಗೆ ಸಾಗಿಸಿದೆ, ಅಲ್ಲಿಗೂ ಬಂದರು. ಕಡೆಗೆ, ‘ಉದಾಹರಣೆಗೆ, ನಮಸ್ಕಾರ ಎಂಬ ಪದದಲ್ಲಿ ಈ ತೊಂದರೆ ಇಲ್ಲ’ ಎಂದು ಪ್ರಶ್ನೆಯ ಹೊಟ್ಟೆಯೊಳಗೇ ಬಚ್ಚಿಟ್ಟೆ. ಅದು ಉಳಿಯಿತು. ಪ್ರಶ್ನೆ ಮಾತ್ರ ಉಳಿಯಲಿಲ್ಲ: ಅರಬ್ಬಿ ಲಿಪಿಯನ್ನು ಬಲದಿಂದ ಎಡಕ್ಕೆ ಮುದ್ರಿಸುವುದು ಹೇಗೆಂದು 2011ರಲ್ಲಿ ಯಾರೋ ಕೇಳಿದ್ದರಂತೆ, ನನ್ನದು ಅದರ ಪುನರಾವರ್ತನೆ ಎಂದು ಬೀಗ ಜಡಿದರು. ಎರಡೂ ಇಂಗ್ಲಿಷ್ ಅಲ್ಲ ಎಂಬುದನ್ನು ಬಿಟ್ಟರೆ ಬೇರೆ ಸಂಬಂಧ ನನಗಂತೂ ಕಾಣಲಿಲ್ಲ.

ಅವರ ಕಷ್ಟವೂ ಇದ್ದೀತು. ಸಂಬಳವಿಲ್ಲದ ಕೆಲಸ, ಕೇಳಿದ್ದನ್ನೇ ಕೇಳುವ ನನ್ನಂಥವರ ಜಾತ್ರೆ. ಆದರೆ ಸಂಕಟ ಬೇರೆಯೇ ಇತ್ತು. ಹುಡುಕುತ್ತಾ ಹೋದಾಗ, ನನ್ನದೇ ಅರ್ಕಾವತ್ತಿನ ತೊಂದರೆಯನ್ನು 2013ರಲ್ಲಿ ಒಬ್ಬ ಮಹಾಶಯರು ಅಕ್ಷರಶಃ ಕೇಳಿದ್ದು ಸಿಕ್ಕಿತು. ಕೆಳಗೆ ಅವರದೇ ಒಂದು ಸಾಲು: ‘ಸರಿಹೋಯಿತು, ಧನ್ಯವಾದ.’ ಹೇಗೆ ಎಂಬ ಸುಳಿವಿಲ್ಲ. ನನ್ನ ನಮಸ್ಕಾರವನ್ನು ಮೂರು ಬಾರಿ ಅಳಿಸಿದವರ ಕಣ್ಣಿಗೆ ಆ ಧನ್ಯವಾದ ಮಾತ್ರ ಇಷ್ಟು ವರ್ಷ ಬಿದ್ದಿಲ್ಲ!

ಕೇಳೋಣವೆಂದರೆ ಅಂಕ ಸಾಲದು. 2008ರಲ್ಲಿ ಆರಂಭವಾದ, ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಇತರರ ಬರಹದ ಕೆಳಗೆ ಟಿಪ್ಪಣಿ ಬರೆಯಲು ಬಹುಕಾಲ 50 ಅಂಕ ಬೇಕಾಗಿತ್ತು. ನಾನು ಹೋದ ತಾಣದಲ್ಲೂ ಅದೇ ಲೆಕ್ಕ. ಸೇರಿದಾಗ ಸಿಗುವುದು 1, ಉತ್ತರ ಮೆಚ್ಚಿ ಒಬ್ಬರು ಮತ ಕೊಟ್ಟರೆ 10. ಆದ್ದರಿಂದ ಒಂದು ವಾರದಿಂದ, ನಮಸ್ಕಾರ ಹೇಳದೆ, ಕಂಡವರ ಮುದ್ರಣಯಂತ್ರಗಳಿಗೆಲ್ಲ ಮದ್ದು ಹೇಳುತ್ತಾ ಕುಳಿತಿದ್ದೇನೆ. ಮೂವರು ಪುಣ್ಯಾತ್ಮರ ಕೃಪೆಯಿಂದ ಈಗ 31 ಆಗಿದೆ. ಇನ್ನು ಇಬ್ಬರು ಸಿಕ್ಕರೆ, ಎಂಟು ವರ್ಷದಿಂದ ಆ ತಾಣದತ್ತ ತಲೆಹಾಕದ ಆ ಮಹಾಶಯರನ್ನು ‘ಹೇಗೆ ಸರಿಹೋಯಿತು ಸ್ವಾಮಿ?’ ಎಂದು ಕೇಳಿಯೇ ಕೇಳುತ್ತೇನೆ.