ಮಲಗಿದ್ದರೆ ಮಲಗಲಿ ಬಿಡಿ

2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿನಲ್ಲೇ ಎಂ.ಡಿ. (ಮೆಫೆಡ್ರೋನ್ ಅನ್ನುವ ಮಾದಕ) ತಯಾರಿಸುತ್ತಿದ್ದ ಜಾಗ ಹಿಡಿದಾಗ ಮಾಲೆಷ್ಟು, ಬೆಲೆಯೆಷ್ಟು ಅನ್ನುವುದೇ ಮಾತಾಯಿತು. ಆ ಚಟ ಬಿಡಲು ಹೊರಟ ಹುಡುಗನನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅನ್ನುವ ಮಾತೂ ಅಷ್ಟೇ ಮುಖ್ಯ.

ಎಂ.ಡಿ., ಕೊಕೇನ್, ಮೆಥ್ (ಮೆಥಾಂಫೆಟಮಿನ್) ತರಹದ, ಮೈಗೆ ಹುರುಪೇರಿಸುವ ಮಾದಕ ನಿಲ್ಲಿಸಿದಾಗ ಒಂದು ದಿನದೊಳಗೆ ಮೈ ಸೋತು ಬೀಳುತ್ತದೆ. ಎರಡು ಮೂರು ದಿನ, ಕೆಲವರಿಗೆ ವಾರ, ಹಗಲೂ ರಾತ್ರಿ ನಿದ್ದೆ. ಎದ್ದರೆ ವಿಪರೀತ ಹಸಿವು, ಸಿಡುಕು. ಇದನ್ನು ಮೈಗಳ್ಳತನ ಅಂದುಕೊಂಡು ಗದ್ದೆಗೋ ಅಂಗಡಿಗೋ ಅಟ್ಟಬೇಡಿ. ಎದ್ದಾಗ ಮಜ್ಜಿಗೆ, ಎಳನೀರು, ಮುದ್ದೆ, ಸೊಪ್ಪಿನ ಸಾರು ಕೊಡಿ. ಆದರೆ ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ ಅದು ನಿದ್ದೆಯಲ್ಲ, ಬೇರೆ ಮಾದಕವೇನೋ ಸೇರಿರಬಹುದು. 108ಕ್ಕೆ ಫೋನ್ ಮಾಡಿ. ಎದೆನೋವು ಬಂದರೂ ಅಷ್ಟೇ. ಯಾರೋ ಹಿಂಬಾಲಿಸ್ತಿದ್ದಾರೆ ಅಂತ ಹೆದರತೊಡಗಿದರೆ ಅವತ್ತೇ ಆಸ್ಪತ್ರೆಗೆ.

ಮನೆಯವರು ಮೋಸಹೋಗುವುದು ಎರಡನೇ ವಾರದಲ್ಲಿ. ಊಟ ಮಾಡುತ್ತಾನೆ, ಓಡಾಡುತ್ತಾನೆ, ಸರಿಹೋದ ಅಂದುಕೊಳ್ಳುತ್ತಾರೆ. ಒಳಗೆ ಮಾತ್ರ ಯಾವುದರಲ್ಲೂ ರುಚಿಯಿಲ್ಲ. ಖುಷಿ, ಹುರುಪು ಹುಟ್ಟಿಸುವ ಮೆದುಳಿನ ಡೋಪಮೈನ್ ವ್ಯವಸ್ಥೆ ಚೇತರಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮತ್ತೆ ಬೇಕೆನ್ನುವ ತುಡಿತ ಕೆರಳುವುದು ಈಗಲೇ. ಸಾಯುವ ಯೋಚನೆಯಂತೂ ಮೊದಲ ದಿನದಿಂದಲೂ ಬರಬಹುದು. "ಸಾಯಬೇಕು ಅನ್ನಿಸ್ತಿದೆಯೇನಪ್ಪ?" ಅಂತ ನೇರವಾಗಿ ಕೇಳಿ; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಗದ್ದೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೀಗ ಹಾಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಈ ಚಟ ಬಿಡಿಸುವುದಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇನ್ನೂ ಇಲ್ಲ. ಖಿನ್ನತೆ, ಭ್ರಮೆ, ನಿದ್ರಾಹೀನತೆ ನೋಡಿ ವೈದ್ಯರು ಔಷಧಿ ಕೊಡುತ್ತಾರೆ. ನೀವೇ ನಿದ್ದೆಮಾತ್ರೆ ತಂದು ನುಂಗಿಸಿದರೆ ಎರಡನೇ ಚಟ ಅಂಟಬಹುದು. ಅಧ್ಯಯನಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟಿರುವುದು ಸರಳ ಕ್ರಮ: ವಾರಕ್ಕೆರಡು ಸಲ ಮೂತ್ರ ಪರೀಕ್ಷೆ, ಮಾದಕ ಇಲ್ಲವೆಂದು ಬಂದರೆ ಆ ಕ್ಷಣವೇ ಸಣ್ಣ ಬಹುಮಾನ. ತಿಂಗಳ ಕೊನೆಗೆ ಕೊಡ್ತೀವಿ ಅಂದರೆ ಅಷ್ಟು ಪ್ರಯೋಜನವಿಲ್ಲ. ಇದನ್ನು ನಮ್ಮ ಆಸ್ಪತ್ರೆಗಳೆಲ್ಲ ಶುರುಮಾಡಬೇಕು.

ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ). ಮನೋವೈದ್ಯ ವಿಭಾಗಕ್ಕೆ ಹೋಗಿ. ಪೊಲೀಸರ ಭಯಕ್ಕೆ ತಡಮಾಡಬೇಡಿ. ಸ್ವಂತ ಸೇವನೆಯ ಪ್ರಕರಣದಲ್ಲಿ ತಾನಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಏನೇನು ತೆಗೆದುಕೊಂಡ, ಕೊನೆಯ ಸಲ ಯಾವಾಗ, ಜೊತೆಗೆ ಕುಡಿತ ಇತ್ತೇ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ದಿನಾ ಕುಡಿಯುತ್ತಿದ್ದವನು ಅದನ್ನೂ ಒಟ್ಟಿಗೇ ಬಿಟ್ಟಿದ್ದರೆ ಫಿಟ್ಸ್ ಬರಬಹುದು, ಅಂಥವನನ್ನು ಮನೆಯಲ್ಲಿಟ್ಟುಕೊಳ್ಳದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.